ಕರಾವಳಿಗೆ ಪ್ರವಾಸ: ಏನು ನೋಡಬೇಕು, ಎಲ್ಲಿ ನಿಲ್ಲಬೇಕು

ದೀಪಾವಳಿ ಕಳೆದು ಚಳಿ ಬೀಳುತ್ತಿದ್ದಂತೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ನಮ್ಮ ಊರು ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ಡಿಸೆಂಬರ್ ತಿಂಗಳಿಡೀ ತುಮಕೂರು, ಚಿತ್ರದುರ್ಗ, ಹಾವೇರಿ, ಕೋಲಾರಗಳ ಕಡೆಯ ಬಸ್ಸುಗಳು ಸಾಲುಗಟ್ಟಿ ಹೋಗುವುದನ್ನು ನೋಡುತ್ತೇನೆ. ಮುಂದಿನ ಗಾಜಿನ ಕೆಳಗೆ 'ಶೈಕ್ಷಣಿಕ ಪ್ರವಾಸ' ಎಂಬ ಬಟ್ಟೆಯ ಫಲಕ. ಕಿಟಕಿಯ ಸರಳುಗಳಿಗೆ ಒಣಹಾಕಿದ ಟವೆಲ್ಲುಗಳು. ಒಳಗೆ ಹಾಡು, ಕೂಗು, ಎರಡು ರಾತ್ರಿ ನಿದ್ದೆಗೆಟ್ಟ ಮಾಸ್ತರರ ಮುಖ.

ಅವರ ಪಟ್ಟಿಯನ್ನು ನೋಡಿದರೆ ನನಗೆ ಗಾಬರಿಯಾಗುತ್ತದೆ. ಧರ್ಮಸ್ಥಳ, ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ, ಯಾಣ, ಜೋಗ. ಎರಡು ದಿನಕ್ಕೆ ಒಂಬತ್ತು ಜಾಗ! ಇದರಲ್ಲಿ ಶಾಲೆಯವರ ತಪ್ಪು ಮಾತ್ರ ಇದೆ ಎನ್ನಲಾರೆ. "ಮಾಷ್ಟ್ರೇ, ದುಡ್ಡು ಕೊಟ್ಟ ಮೇಲೆ ನಾಲ್ಕು ಜಾಗ ಹೆಚ್ಚಿಗೆ ನೋಡಲಿ ಬಿಡಿ" ಎಂದು ಹೇಳುವ ಪೋಷಕರೂ ಇದ್ದಾರೆ. ಒಂಬತ್ತು ಜಾಗ ನೋಡಿದ ಹುಡುಗನನ್ನು ವಾಪಸು ಬಂದ ಮೇಲೆ ಏನು ಕಂಡೆ ಎಂದು ಕೇಳಿ ನೋಡಿ. ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು ಎಂಬುದನ್ನು ಮಾತ್ರ ವಿವರವಾಗಿ ಹೇಳುತ್ತಾನೆ.

ನನ್ನನ್ನು ಕೇಳಿದರೆ ನಾಲ್ಕು ಜಾಗ ಸಾಕು. ದೇವಸ್ಥಾನಗಳ ವಿಷಯ ನಾನು ಹೇಳಬೇಕಾಗಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಎಂಟರಿಂದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಅರ್ಧ ಪಾಠಗಳು ಈ ಕಡಲ ದಂಡೆಯ ಉದ್ದಕ್ಕೂ ಬಿದ್ದುಕೊಂಡಿವೆ. ಈ ವಾರ ಅವುಗಳ ಮಾತು. ಚೀಲದಲ್ಲಿ ಒಂದು ಆಯಸ್ಕಾಂತ, ಪ್ರಯೋಗಶಾಲೆಯ ಥರ್ಮಾಮೀಟರ್ (ಜ್ವರ ನೋಡುವುದಲ್ಲ, ಅದು ಕೆಲಸಕ್ಕೆ ಬಾರದು), ಖಾಲಿ ನೀರಿನ ಬಾಟಲಿ, ನೋಟ್‌ಪುಸ್ತಕ ಇದ್ದರೆ ಸಾಕು.

ಬಾಟಲಿಯ ಕೆಲಸ ಘಟ್ಟದಲ್ಲೇ ಶುರು. ಶಿರಾಡಿಯೋ ಚಾರ್ಮಾಡಿಯೋ ಆಗುಂಬೆಯೋ, ಯಾವ ಘಾಟಿಯಾದರೂ ಸರಿ, ತುದಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಟ್ಟುಕೊಳ್ಳಿ. ಕೆಳಗೆ ಇಳಿದ ಮೇಲೆ ನೋಡಿದರೆ ಯಾರೋ ಹಿಂಡಿದಂತೆ ಅದರ ಪಕ್ಕೆಗಳು ಒಳಕ್ಕೆ ಹೋಗಿರುತ್ತವೆ. ಹಿಂಡಿದ್ದು ಕರಾವಳಿಯ ಗಾಳಿ. ಆರುನೂರು ಮೀಟರ್ ಇಳಿದರೆ ಗಾಳಿಯ ಒತ್ತಡ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಕಿವಿ ಗುಂಯ್‌ಗುಟ್ಟಿದ್ದೂ ಅದಕ್ಕೇ. ಎಂಜಲು ನುಂಗಿದರೆ ಅಥವಾ ಆಕಳಿಸಿದರೆ ಕಿವಿಯೊಳಗಿನ ಸಣ್ಣ ನಳಿಕೆ ತೆರೆದು ಒಳಗಿನ ಒತ್ತಡ, ಹೊರಗಿನ ಒತ್ತಡ ಸಮವಾಗುತ್ತದೆ. ಬಾಟಲಿ ಆಕಳಿಸಲಾರದು, ಹಾಗಾಗಿ ನಜ್ಜುಗುಜ್ಜಾಗುತ್ತದೆ.

ಘಟ್ಟ ಇಳಿದ ಕೂಡಲೇ ಕಣ್ಣಿಗೆ ಹೊಡೆಯುವುದು ಮಣ್ಣಿನ ಕೆಂಪು. ಮನೆಯ ಗೋಡೆ, ಬಾವಿಯ ಕಟ್ಟೆ, ಗದ್ದೆಯಂಚಿನ ಪಾಗಾರ, ಎಲ್ಲವೂ ಕೆಂಪು ಕಲ್ಲು. ಮಂಗಳೂರು ಕಡೆ ಇದಕ್ಕೆ ಮುರಕಲ್ಲು ಎನ್ನುತ್ತಾರೆ, ಉತ್ತರ ಕನ್ನಡದಲ್ಲಿ ಚಿರೇಕಲ್ಲು. ಈ ಕಲ್ಲಿಗೆ ಜಗತ್ತಿನ ಭೂವಿಜ್ಞಾನದಲ್ಲಿ ಹೆಸರು ಬಂದದ್ದೇ ಈ ಪಶ್ಚಿಮ ಕರಾವಳಿಯಿಂದ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಮಲಬಾರಿನ ಅಂಗಾಡಿಪುರಂ ಬಳಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿದ. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ.

ಬೆಂಗಳೂರು, ಕೋಲಾರದ ಕಡೆ ಇರುವುದು ಗ್ರಾನೈಟಿನಂಥ ಗಟ್ಟಿ ಕಲ್ಲು. ಇಲ್ಲಿ ಮಾತ್ರ ತೂತುತೂತಾದ ಕೆಂಪು ಕಲ್ಲು ಏಕೆ? ಉತ್ತರ ಮಳೆಯಲ್ಲಿದೆ. ಲಕ್ಷಾಂತರ ವರ್ಷಗಳ ಕಾಲ ಬಿಸಿ ಹವೆ, ಧಾರಾಕಾರ ಮಳೆ ಎರಡೂ ಸೇರಿ ಮೂಲಬಂಡೆಯನ್ನು ತೊಳೆದವು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಡೆಗೆ ಸಿಲಿಕಾ ಕೂಡ ಕರಗಿ ಹೋದವು. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡು. ಎಂದರೆ ನಮ್ಮ ಕರಾವಳಿಯ ಮನೆಗಳು ಒಂದು ಲೆಕ್ಕದಲ್ಲಿ ತುಕ್ಕಿನಿಂದ ಕಟ್ಟಿದವು! ನೆಲದೊಳಗಿದ್ದಾಗ ಈ ಕಲ್ಲು ಮೆತ್ತಗೆ, ಕತ್ತಿಯಂಥ ಆಯುಧದಿಂದ ಕೆತ್ತಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ, ಕಾಸರಗೋಡಿನ ಬೇಕಲ ಕೋಟೆ, ಎರಡೂ ಇದೇ ಕಲ್ಲಿನವು. ಕೋಟೆಯ ಗೋಡೆಗೆ ಆಯಸ್ಕಾಂತ ಹಿಡಿದು ನೋಡಿ, ಸಾಧಾರಣವಾಗಿ ಅಂಟುವುದಿಲ್ಲ. ಕಬ್ಬಿಣವಿದ್ದೂ ಏಕೆ ಅಂಟುವುದಿಲ್ಲ ಎಂದು ನಿಮ್ಮ ಮಾಸ್ತರರನ್ನು ಕೇಳಿ. ಅದೇ ಆಯಸ್ಕಾಂತವನ್ನು ಸಮುದ್ರದಂಡೆಯ ಮರಳಿನಲ್ಲಿ ಕಪ್ಪು ಗೆರೆಗಳಿರುವ ಕಡೆ ಆಡಿಸಿದರೆ ಕೆಲವು ಕಡೆ ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಳ್ಳುತ್ತವೆ. ಆ ಕಣಗಳಲ್ಲಿರುವುದೂ ಕಬ್ಬಿಣದ ಆಕ್ಸೈಡೇ, ಆದರೆ ಬೇರೆ ಜಾತಿಯದು.

ಉಡುಪಿಗೆ ಬರುವ ಮೊದಲು ಕಾಪು. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯ ಮೇಲೆ ನಿಂತಿದೆ. ಅದನ್ನು ಹತ್ತಿದರೂ ಹತ್ತದಿದ್ದರೂ ಒಂದು ಲೆಕ್ಕ ಮಾಡಿ. ನಿಮ್ಮ ಕಣ್ಣು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಬಾನು-ಕಡಲು ಸೇರುವ ಗೆರೆ ಎಷ್ಟು ಕಿಲೋಮೀಟರ್ ದೂರ ಎಂಬುದು ಬರುತ್ತದೆ. ದಂಡೆಯಲ್ಲಿ ನಿಂತ ಹುಡುಗನಿಗೆ ಅದು ನಾಲ್ಕೂವರೆ ಕಿಲೋಮೀಟರಿಗಿಂತ ಕಡಿಮೆ. 25 ಮೀಟರ್ ಮೇಲೇರಿದರೆ ಸುಮಾರು 18 ಕಿಲೋಮೀಟರ್. ಭೂಮಿ ಚಪ್ಪಟೆಯಾಗಿದ್ದರೆ ದೀಪಸ್ತಂಭವನ್ನು ಇಷ್ಟು ಎತ್ತರ ಕಟ್ಟುವ ಖರ್ಚೇ ಬೇಕಿರಲಿಲ್ಲ. ಪೈಥಾಗೊರಸ್ ಪ್ರಮೇಯ ಗೊತ್ತಿರುವ ಹತ್ತನೇ ತರಗತಿಯವರು ಈ ಸೂತ್ರವನ್ನು ತಾವೇ ಪಡೆಯಬಹುದು. ಭೂಮಿಯ ತ್ರಿಜ್ಯ 6,370 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ.

ಈಗ ನನಗೆ ಅತ್ಯಂತ ಪ್ರಿಯವಾದ ಜಾಗ. ಮಲ್ಪೆಯಿಂದ ದೋಣಿಯಲ್ಲಿ ಸುಮಾರು ಆರು ಕಿಲೋಮೀಟರ್ ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ನಮ್ಮವರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿಮಾತೆಯ ಹೆಸರಿಟ್ಟ ಎಂಬ ಐತಿಹ್ಯವಿದೆ. ಆದರೆ 1498 ಇಲ್ಲಿಯ ಕಲ್ಲುಗಳಿಗೆ ನಿನ್ನೆ ಮೊನ್ನೆಯ ಸಂಗತಿ.

ದ್ವೀಪಕ್ಕೆ ಇಳಿದವರು ಮೊದಲು ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಚಿಪ್ಪು ಆರಿಸುತ್ತಾರೆ, ಆಮೇಲೆ ದೋಣಿಯವನು ಕೂಗುತ್ತಾನೆ. ಹಾಗೆ ಮಾಡಬೇಡಿ. ಹತ್ತು ನಿಮಿಷ ಕಲ್ಲಿನ ಮುಂದೆ ಕುಳಿತು ಮೂಲೆಗಳನ್ನು ಎಣಿಸಿ. ಯಾರೋ ಶಿಲ್ಪಿ ಕೆತ್ತಿ ಒತ್ತೊತ್ತಾಗಿ ನಿಲ್ಲಿಸಿದಂತಿರುವ ಕಂಬಗಳು. ಹೆಚ್ಚಿನವಕ್ಕೆ ಐದು, ಆರು ಅಥವಾ ಏಳು ಮುಖ. ಇಪ್ಪತ್ತು ಕಂಬಗಳನ್ನು ಎಣಿಸಿ ಯಾವುದು ಎಷ್ಟು ಎಂದು ನೋಟ್‌ಪುಸ್ತಕದಲ್ಲಿ ಕೋಷ್ಟಕ ಬರೆದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟು.

ಇವು ಕರಗಿದ ಲಾವಾ ತಣ್ಣಗಾದಾಗ ಆದ ಕಂಬಗಳು. ತಣ್ಣಗಾಗುವ ವಸ್ತು ಕುಗ್ಗುತ್ತದೆ. ಆದರೆ ವಿಶಾಲವಾಗಿ ಹರಡಿದ ಲಾವಾ ಅಂಚಿನಿಂದ ಮಾತ್ರ ಒಳಕ್ಕೆ ಸರಿಯುವುದು ಸಾಧ್ಯವಿಲ್ಲ. ಹಾಗಾಗಿ ಅಲ್ಲಲ್ಲೇ ಬಿರಿಯುತ್ತದೆ. ಬೇಸಿಗೆಯಲ್ಲಿ ಕೆರೆಯ ತಳದ ಕೆಸರು ಒಡೆದದ್ದನ್ನು ಬಯಲುಸೀಮೆಯ ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ಮೊದಲ ಬಿರುಕುಗಳು ಹೇಗೆ ಹೇಗೋ ಇರುತ್ತವೆ. ಒಳಗಿನ ಲಾವಾ ತಣ್ಣಗಾದಂತೆ ಬಿರುಕು ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಾ ತನ್ನನ್ನು ತಿದ್ದಿಕೊಳ್ಳುತ್ತದೆ. ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ 120 ಡಿಗ್ರಿ ಕೋನದಲ್ಲಿ ಕೂಡಿದರೆ ಎಳೆತ ಎಲ್ಲ ಕಡೆಗೂ ಸಮವಾಗಿ ಸಡಿಲವಾಗುತ್ತದೆ. 120 ಡಿಗ್ರಿಯ ಮೂಲೆಗಳಿಂದ ಸಿಗುವ ಆಕೃತಿ ಷಡ್ಭುಜ. ಜೇನುಗೂಡಿನ ಆಕಾರ ಕಲ್ಲಿಗೆ ಬಂದ ಬಗೆ ಇದು, ಜೇನಿಗೂ ಕಲ್ಲಿಗೂ ಬೇರೆ ನಂಟಿಲ್ಲ.

ಪತ್ರಿಕೆಗಳಲ್ಲಿ ಇದನ್ನು ಬಸಾಲ್ಟ್ ಎಂದು ಬರೆಯುವುದುಂಟು. ವಾಸ್ತವವಾಗಿ ಇದು ಸಿಲಿಕಾ ಹೆಚ್ಚಿರುವ ರಯೊಲೈಟ್ ಬಗೆಯ ಲಾವಾ. ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಭಾರತ ಈಗಿರುವಲ್ಲಿ ಇರಲಿಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಮಡಗಾಸ್ಕರಿಗೆ ಅಂಟಿಕೊಂಡಿತ್ತು. ಆ ಎರಡೂ ನೆಲಗಳು ಹರಿದು ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾದ ತುಣುಕು ಇದು. ಅದೇ ವಯಸ್ಸಿನ ಲಾವಾ ಮಡಗಾಸ್ಕರಿನಲ್ಲೂ ಇದೆ. ಮಹಾರಾಷ್ಟ್ರ, ಉತ್ತರ ಕರ್ನಾಟಕಗಳ ದಖನ್ ಲಾವಾ ಬಂದದ್ದು ಇದಾಗಿ ಎರಡು ಕೋಟಿ ವರ್ಷಗಳ ಮೇಲೆ. ಹಿಮಾಲಯ ಆಗಿನ್ನೂ ಹುಟ್ಟಿರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಂಥ ಕಲ್ಲಿನ ಮೇಲೆ ಮೊಳೆಯಿಂದ ಹೆಸರು ಕೆತ್ತುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಮಲ್ಪೆಗೆ ಮರಳಿದಾಗ ಮಧ್ಯಾಹ್ನವಾಗಿದ್ದರೆ ಥರ್ಮಾಮೀಟರನ್ನು ಹೊರಗೆ ತೆಗೆಯಿರಿ. ಒಣ ಮರಳಿನಲ್ಲಿ ಒಮ್ಮೆ, ಮರಳನ್ನು ಒಂದು ಗೇಣು ಬಗೆದು ಒಮ್ಮೆ, ಅಲೆ ಬಂದು ಪಾದ ತೋಯಿಸುವ ಕಡೆ ಒಮ್ಮೆ ಇಟ್ಟು ನೋಡಿ. ಮೇಲಿನ ಮರಳು ಕಾಲಿಡಲಾಗದಷ್ಟು ಸುಡುತ್ತಿರುತ್ತದೆ, ಗೇಣು ಕೆಳಗೆ ತಂಪು, ನೀರು ಬೆಚ್ಚಗೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖ ಅಷ್ಟೇ ಮರಳಿಗೆ ಬೇಕಾದುದಕ್ಕಿಂತ ಸುಮಾರು ಐದು ಪಟ್ಟು. ವಿಶಿಷ್ಟೋಷ್ಣ ಎಂದು ಬಾಯಿಪಾಠ ಮಾಡಿದ ಪದ ಇದೇ. ನೆಲ ಕಾದು ಗಾಳಿ ಮೇಲೇರಿದಾಗ ಕಡಲಿನಿಂದ ತಂಗಾಳಿ ಬೀಸುತ್ತದೆ. ರಾತ್ರಿ ಅದೇ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹೋಗುತ್ತದೆ. ಹಾಯಿ ಕಟ್ಟಿದ ದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನ ಗಾಳಿಯಲ್ಲಿ ಹೊರಟು ಮಧ್ಯಾಹ್ನದ ಗಾಳಿಯಲ್ಲಿ ಮರಳುತ್ತಿದ್ದರು.

ಮರವಂತೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನನಗೆ ಅಲ್ಲಿ ಕಾಡುವ ಪ್ರಶ್ನೆ ಬೇರೆ. ಇಷ್ಟು ಹತ್ತಿರ ಬಂದ ನದಿ ಸಮುದ್ರ ಸೇರದೆ ಪಕ್ಕದಲ್ಲೇ ಹರಿದು ಗಂಗೊಳ್ಳಿಯ ತನಕ ಹೋಗುವುದೇಕೆ? ಅಲೆಗಳು ದಂಡೆಗೆ ನೇರವಾಗಿ ಬಡಿಯದೆ ತುಸು ಓರೆಯಾಗಿ ಬಡಿಯುತ್ತವೆ. ಬಡಿದಾಗಲೆಲ್ಲ ಮರಳು ದಂಡೆಗುಂಟ ಒಂದಿಷ್ಟು ಜರುಗುತ್ತದೆ. ಹೀಗೆ ಜರುಗಿದ ಮರಳು ನದಿಯ ಬಾಯಿಗೆ ಅಡ್ಡವಾಗಿ ಉದ್ದನೆಯ ದಿಬ್ಬ ಕಟ್ಟುತ್ತದೆ, ನದಿ ದಾರಿ ಹುಡುಕಿಕೊಂಡು ಪಕ್ಕಕ್ಕೆ ತಿರುಗುತ್ತದೆ. ನಮ್ಮ ಹಲವು ಅಳಿವೆಗಳ ಕತೆ ಇದು. ಮರಳಿನ ಈ ನಡಿಗೆಗೆ ಎಲ್ಲಾದರೂ ಕಲ್ಲಿನ ತಡೆಗೋಡೆ ಕಟ್ಟಿ ಅಡ್ಡ ಬಂದರೆ ಒಂದು ಕಡೆ ಮರಳು ತುಂಬುತ್ತದೆ, ಇನ್ನೊಂದು ಕಡೆ ದಂಡೆ ಕೊಚ್ಚಿಹೋಗುತ್ತದೆ. ಮಳೆಗಾಲದ ಸುದ್ದಿಯಲ್ಲಿ ನೀವು ಓದುವ ಕಡಲ್ಕೊರೆತಕ್ಕೆ ಇದೂ ಒಂದು ಕಾರಣ. ಅಂದ ಹಾಗೆ, ಮರವಂತೆಯಲ್ಲಿ ಬಸ್ಸು ನಿಲ್ಲಿಸಿದಾಗ ಮಕ್ಕಳು ರಸ್ತೆ ದಾಟುವುದನ್ನು ನೋಡಿಕೊಳ್ಳಿ. ಅಲ್ಲಿ ಕಡಲಿಗಿಂತ ಲಾರಿ ಹತ್ತಿರ.

ಕುಮಟಾದ ಕಡೆಗೆ ಹೋಗುವವರು ಸಾಧ್ಯವಾದರೆ ಅಘನಾಶಿನಿ ನದಿಯ ಅಳಿವೆಯಲ್ಲಿ ಒಂದು ಗಂಟೆ ಕಳೆಯಬೇಕು. ಯಾವ ಪ್ರವಾಸದ ಪಟ್ಟಿಯಲ್ಲೂ ಇದು ಇರುವುದಿಲ್ಲ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೀರು ಇಳಿದಾಗ ಹೆಂಗಸರು ಗಂಡಸರು ಕೆಸರಿಗಿಳಿದು ಬಳಚು ಹೆಕ್ಕುತ್ತಿರುತ್ತಾರೆ. ಪಕ್ಕದ ಗಜನಿ ಗದ್ದೆಗಳಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಉಪ್ಪುನೀರನ್ನು ಸಹಿಸಿಕೊಂಡು ಬದುಕುವ ತಳಿ. ಸಾಣಿಕಟ್ಟಾದಲ್ಲಿ ಅದೇ ಉಪ್ಪುನೀರನ್ನು ಪಾತಿಗಳಲ್ಲಿ ಕಟ್ಟಿ ಬಿಸಿಲಿಗೆ ಆರಿಸಿ ಉಪ್ಪು ಮಾಡುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಒಂದು ಚೀಲ ಉಪ್ಪಿಗೆ ಎಷ್ಟು ನೀರು ಆರಬೇಕು, ಲೆಕ್ಕ ಹಾಕಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ ಅಲ್ಲಿಂದ ದೂರವಿಲ್ಲ ಎಂಬುದನ್ನು ಸಮಾಜ ವಿಜ್ಞಾನದ ಮಾಸ್ತರರು ಹೇಳಲಿ. ದಡದ ಕಾಂಡ್ಲಾ ಗಿಡಗಳನ್ನು ಹತ್ತಿರದಿಂದ ನೋಡಿ. ಕೆಲವು ಜಾತಿಗಳಲ್ಲಿ ಬೀಜ ಗಿಡದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತಿರುತ್ತದೆ. ಕೆಸರಿಗೆ ಬಿದ್ದ ಕೂಡಲೇ ಬೇರು ಬಿಡಲು ತಯಾರಿ.

ಮುರುಡೇಶ್ವರವನ್ನು ದಾಟಿ ಬಂದುಬಿಟ್ಟೆ. ಬೇಕೆಂದೇ ಕೊನೆಗೆ ಇಟ್ಟುಕೊಂಡೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿ ಸಮುದ್ರದ ಪಾಲಾದರು. ಅದು ಮಳೆಗಾಲವಲ್ಲ, ಬಿರುಗಾಳಿಯ ದಿನವೂ ಅಲ್ಲ, ಎಲ್ಲ ಶಾಲೆಗಳೂ ಪ್ರವಾಸ ಹೋಗುವ ತಿಂಗಳು. ಆದ್ದರಿಂದ ಈ ಭಾಗವನ್ನು ಮಕ್ಕಳೂ ಪೋಷಕರೂ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ಅಲೆಗಳು ದಂಡೆಯತ್ತ ನೀರನ್ನು ತಂದು ಹಾಕುತ್ತಲೇ ಇರುತ್ತವೆ. ಬಂದ ನೀರು ವಾಪಸು ಹೋಗಲೇಬೇಕು. ಅದು ಎಲ್ಲ ಕಡೆಯಿಂದ ಸಮವಾಗಿ ಹೋಗುವುದಿಲ್ಲ. ಮರಳಿನ ದಿಬ್ಬಗಳ ನಡುವೆ ಎಲ್ಲಿ ಆಳವಾದ ಕಾಲುವೆಯಿದೆಯೋ ಅಲ್ಲಿ ಸೇರಿ ಹೊಳೆಯಂತೆ ಒಳಕ್ಕೆ ನುಗ್ಗುತ್ತದೆ. ಜನ ಇದನ್ನು ಸುಳಿ ಎನ್ನುತ್ತಾರೆ. ಸುಳಿಯಲ್ಲ. ಇದು ಕೆಳಕ್ಕೆ ಎಳೆಯುವುದಿಲ್ಲ, ದಂಡೆಯಿಂದ ದೂರಕ್ಕೆ ಒಯ್ಯುತ್ತದೆ. ವೇಗ ಸೆಕೆಂಡಿಗೆ ಎರಡು ಮೀಟರಿನವರೆಗೂ ಇರಬಹುದು. ಒಲಿಂಪಿಕ್ಸಿನ ಈಜುಗಾರರಿಗೂ ಇದರ ವಿರುದ್ಧ ಈಜುವುದು ಕಷ್ಟ. ಮೋಸವೇನೆಂದರೆ, ಆಳ ಹೆಚ್ಚಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡು ಪಕ್ಕದಲ್ಲಿ ಬಿಳಿ ನೊರೆ, ನಡುವೆ ಶಾಂತವಾದ, ತುಸು ಕಪ್ಪಾದ ನೀರಿನ ಪಟ್ಟಿ. ಸಮುದ್ರವನ್ನೇ ಕಾಣದ ಮಗು ನೊರೆಯಿಲ್ಲದ ಆ ಜಾಗವೇ ಒಳ್ಳೆಯದು ಎಂದುಕೊಂಡು ಅಲ್ಲೇ ಇಳಿಯುತ್ತದೆ.

ಸಿಕ್ಕಿಕೊಂಡವರು ದಂಡೆಯತ್ತ ಈಜಿ ಸುಸ್ತಾಗಬಾರದು. ತೇಲುತ್ತಾ ಕೈ ಮೇಲೆತ್ತಿ ಕೂಗಬೇಕು. ಈಜು ಬಂದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಆ ಹರಿವಿನ ಅಗಲ ಸಾಧಾರಣವಾಗಿ ಹೆಚ್ಚಿರುವುದಿಲ್ಲ, ಅಲೆ ಒಡೆಯುವ ಜಾಗದಾಚೆ ಅದರ ಸೆಳೆತವೂ ತಗ್ಗುತ್ತದೆ. ದಂಡೆಯಲ್ಲಿದ್ದ ಗೆಳೆಯರು ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೆಯೇ. ಮುಚ್ಚಳ ಹಾಕಿದ ಖಾಲಿ ಕ್ಯಾನನ್ನು ಎಸೆಯಿರಿ. ಆರ್ಕಿಮಿಡೀಸನ ತತ್ವದ ಪ್ರಕಾರ ಐದು ಲೀಟರಿನ ಖಾಲಿ ಕ್ಯಾನು ಸುಮಾರು ಐದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನಲ್ಲಿ ಮನುಷ್ಯನ ದೇಹ ಹೆಚ್ಚುಕಡಿಮೆ ತಾನೇ ತೇಲುವುದರಿಂದ ಬಾಯಿ-ಮೂಗು ಮೇಲಿರಲು ಬಹುಮಟ್ಟಿಗೆ ಅಷ್ಟು ಸಾಕು. ಅದಕ್ಕೊಂದು ಹಗ್ಗ ಕಟ್ಟಿಟ್ಟಿದ್ದರೆ ಇನ್ನೂ ಒಳ್ಳೆಯದು. ಅಡುಗೆಯ ಪಾತ್ರೆ ಸಾಮಾನು ಹೊತ್ತು ತರುವ ಬಸ್ಸಿಗೆ ಇದು ಭಾರವೇನಲ್ಲ.

ಇನ್ನು ಮಕ್ಕಳ ಸಾಲು ಕೈ ಕೈ ಹಿಡಿದು ನೀರಿಗಿಳಿಯುವ ಪದ್ಧತಿ. ಧೈರ್ಯಕ್ಕಾಗಿ ಹಾಗೆ ಮಾಡುತ್ತಾರೆ. ಹಿಂದೆ ಸರಿಯುವ ನೀರು ಪಾದದಡಿಯ ಮರಳನ್ನು ಕೊರೆದು ಒಬ್ಬಳು ಬಿದ್ದರೆ ಅವಳೊಂದಿಗೆ ಸಾಲೇ ಬೀಳುತ್ತದೆ. ಮೊಣಕಾಲಿಗಿಂತ ಮೇಲೆ ನೀರು ಬರುವ ಕಡೆ ಹೋಗುವುದು ಬೇಡ, ಅಷ್ಟೇ. ನೀರಿಗಿಳಿಯಲೇಬೇಕು ಎಂಬ ಆಸೆಯಿದ್ದರೆ ಜೀವರಕ್ಷಕರು ಕಾವಲಿರುವ ದಂಡೆಯಲ್ಲಿ, ಅವರು ತೋರಿಸಿದ ಗೆರೆಯೊಳಗೆ. ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿಗೆ 2020ರಲ್ಲಿ 'ನೀಲಿ ಬಾವುಟ' ಮಾನ್ಯತೆ ದೊರೆಯಿತು. ಆ ಮಾನ್ಯತೆಗೆ ನೀರಿನ ಶುದ್ಧಿಯ ಜೊತೆ ಸುರಕ್ಷತೆಯ ವ್ಯವಸ್ಥೆಯೂ ಇರಲೇಬೇಕು.

ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಶಾಲೆಯಲ್ಲಿ ಕೆಲವು ಸಂಗತಿ ಕೇಳಲಿ. ಸಮುದ್ರದ ಬಳಿ ಬಸ್ಸು ಎಷ್ಟು ಗಂಟೆಗೆ ತಲುಪುತ್ತದೆ, ಸಂಜೆ ಬೆಳಕು ಇರುವಾಗಲೇ ಮಕ್ಕಳು ದಂಡೆಯಿಂದ ಹೊರಡುತ್ತಾರೆಯೇ? ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಅವರಲ್ಲಿ ಈಜು ಬಲ್ಲವರು ಯಾರು? ನೀರಿನ ಅಂಚಿನಲ್ಲಿ ಮಕ್ಕಳಿಗೆ ಬೆನ್ನು ಹಾಕದೆ ಎಣಿಸುತ್ತಾ ನಿಲ್ಲುವವರು ಯಾರು? ಪ್ರವಾಸದ ಪಟ್ಟಿಯಿಂದ ಎರಡು ಜಾಗ ಕಡಿಮೆ ಮಾಡಿದರೆ ಕತ್ತಲಾಗುವ ಮೊದಲು ಊಟಕ್ಕೆ ತಲುಪಬಹುದೇ ಎಂಬುದನ್ನೂ ಕೇಳಿ. ಬಸ್ಸು ನಮ್ಮ ಊರಿನ ಮೇಲೆ ಹೋಗುವುದಾದರೆ ಕ್ಯಾನು ನಾನೇ ಕೊಡುತ್ತೇನೆ, ಹಗ್ಗ ಮಾತ್ರ ನೀವು ತನ್ನಿ.